ಹಿನ್ನೀರು ಹಸಿರಾದಾಗ

ತಿಮ್ಮಾಪುರದ ಸಂಘದ ಅಕ್ಕಂದಿರೇ, ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಕೂಡುವಲ್ಲಿ ನಿಲ್ಲುವುದು ಆಲಮಟ್ಟಿ ಹಿನ್ನೀರು. ಅದರ ಒಂದು ಕೊಡದಲ್ಲೂ ಬರಿಗಣ್ಣಿಗೆ ಸರಿಯಾಗಿ ಕಾಣದ ಪಾಚಿ, ಅದನ್ನು ತಿನ್ನುವ ಸಣ್ಣ ಜೀವಿಗಳು ಇರುತ್ತವೆ. ಇವಕ್ಕೆ ಪ್ಲವಕ ಅನ್ನುತ್ತಾರೆ. ಇವಿಲ್ಲದೆ ಮೀನೂ ಇಲ್ಲ.

ಆದರೆ ನಮ್ಮ ಕಬ್ಬಿನ ಹೊಲದ ಗೊಬ್ಬರ ಹರಿದು ಸೇರಿ, ಬೇಸಿಗೆಯಲ್ಲಿ ನೀರು ನಿಂತು ಕಾದರೆ ನೀಲಿ-ಹಸಿರು ಪಾಚಿ ಬಣ್ಣ ಚೆಲ್ಲಿದಂಗ ಕೆನೆಗಟ್ಟುತ್ತದೆ. ಇದರಲ್ಲಿ ಕೆಲವು ಲಿವರಿಗೆ ವಿಷ. ‘ಕುದಿಸಿದರ ಆತಲ್ಲ’ ಅಂತೀರಿ. ಕುದಿಸಿದರೆ ರೋಗಾಣು ಸಾಯುತ್ತವೆ, ಈ ವಿಷ ಹೋಗುವುದಿಲ್ಲ. ಅಂಥ ನೀರು ದನಕ್ಕೂ ಬೇಡ.

ಉಳಿದ ದಿನ ಸೋಸುವುದನ್ನು ಬಿಡಬೇಡಿ. ಕಾಲರಾ ರೋಗಾಣು ಆ ಸಣ್ಣ ಜೀವಿಗಳಿಗೆ ಅಂಟಿಕೊಂಡು ಬರುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಸೀರೆ ನಾಲ್ಕು ಸಲ ಮಡಚಿ ಸೋಸಿದ್ದಕ್ಕೇ ಕಾಲರಾ ಸುಮಾರು ಅರ್ಧಕ್ಕಿಳಿಯಿತೆಂದು 2003ರಲ್ಲಿ ವರದಿಯಾಯಿತು. ಹೊಸ ಸೀರೆ ಬೇಡ. ಒಗೆದೊಗೆದು ಹಳತಾದ ಹತ್ತಿಯದೇ ಚಲೋ. ಸೋಸಿದ ಮೇಲೆ ಕುದಿಸಿ, ಅರಿವೆ ತೊಳೆದು ಬಿಸಿಲಿಗೆ ಹಾಕಿ.