ಶಕ್ತಿ ಗುಳಿಗೆ ಕೇಳುವವರಿಗೆ ಅಂಗಡಿಯವನ ಮಾತು

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಔಷಧದ ಅಂಗಡಿ. ‘ಮೈಯಾಗ ತಾಕತ್ತs ಇಲ್ರೀ, ಏನರ ಶಕ್ತಿ ಗುಳಿಗಿ ಕೊಡ್ರಿ’ ಎನ್ನುವವರು ಬರದ ದಿನವಿಲ್ಲ. ಕಬ್ಬು ಕಡಿಯುವವರು, ಲಾರಿ ಓಡಿಸುವವರು, ರಾಮದುರ್ಗದ ಕಡೆಯ ಮಗ್ಗದವರು ಕೇಳುವುದು ನೋವಿನ ಗುಳಿಗೆ. ಅದರಲ್ಲಿ ಟ್ರಾಮಾಡಾಲ್ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ. ಅದು ಅಫೀಮಿನ ಬಳಗದ್ದು. 2018ರಿಂದ ಮಾದಕ ವಸ್ತುಗಳ ಕಾಯ್ದೆಯಡಿ ಬಂದಿದೆ. ಕೆಲವರು ಬೈದು ಹೋಗುತ್ತಾರೆ. ಹೋಗಲಿ.

ನನಗೆ ಚಿಂತೆ ಹತ್ತುವುದು ಶಕ್ತಿ ಗುಳಿಗೆ, ನೋವಿನ ಗುಳಿಗೆ ಎರಡನ್ನೂ ಒಬ್ಬರೇ ಕೇಳಿದಾಗ, ಅದರಲ್ಲೂ ಅವರು ಮೆಲ್ಲಗೆ ‘ನಾ ಎಆರ್‌ಟಿ ಮ್ಯಾಲ ಅದೀನ್ರಿ’ ಅಂದಾಗ. ಎಆರ್‌ಟಿ ಅಂದರೆ ಎಚ್‌ಐವಿಯನ್ನು ಅಡಗಿಸುವ ಔಷಧ.

ಬೆಳಗಾವಿ ಜಿಲ್ಲೆಗೆ ಎಚ್‌ಐವಿ ಹೊಸದಲ್ಲ. ಸವದತ್ತಿ ಎಂದೊಡನೆ ಎಲ್ಲಮ್ಮನ ಗುಡ್ಡದತ್ತ, ದೇವದಾಸಿಯರತ್ತ ಬೆರಳು ತೋರಿಸುವವರು ಇನ್ನೂ ಇದ್ದಾರೆ. 1982ರ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು, ಬೆರಳು ತೋರಿಸುವುದನ್ನಲ್ಲ. ಸೋಂಕನ್ನು ಮನೆಗೆ ತಂದ ಗಂಡಂದಿರ ಲೆಕ್ಕ ಯಾರೂ ಕೇಳುವುದಿಲ್ಲ. ಮಣಿಪುರ, ಪಂಜಾಬುಗಳಲ್ಲಿ ಮಾದಕದ ಸೂಜಿಯೂ ದೊಡ್ಡ ದಾರಿ. ನಮ್ಮಲ್ಲಿ ಸೋಂಕು ಹರಡಿದ್ದು ಬಹುಪಾಲು ಲೈಂಗಿಕ ಸಂಪರ್ಕದಿಂದ. ಅಫೀಮು ಇಲ್ಲಿ ಸೇರಿಕೊಳ್ಳುವುದು ನೋವಿನ ನೆಪದಲ್ಲಿ. ಎಚ್‌ಐವಿ ನರಗಳನ್ನು ಕೆಡಿಸಿ ಅಂಗಾಲು ಉರಿಸುತ್ತದೆ. ಹಿಂದೆ ಕೊಡುತ್ತಿದ್ದ ಸ್ಟಾವುಡಿನ್ ಎಂಬ ಔಷಧವೂ ಅದನ್ನೇ ಮಾಡುತ್ತಿತ್ತು, ಕೆನ್ನೆಯನ್ನೂ ಬತ್ತಿಸುತ್ತಿತ್ತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಲು ಹೇಳಿತು. ಉರಿ ತಾಳದವರು ಬಲವಾದ ಗುಳಿಗೆ ಹುಡುಕುತ್ತಾರೆ.

ಎಚ್‌ಐವಿ, ಅಫೀಮು ಕೂಡಿದಾಗ ಮೈಯೊಳಗೆ ಆಗುವುದೇನು? ಬಹುತೇಕ ಎಲ್ಲ ಜೀವಕೋಶಗಳಲ್ಲೂ ಮೈಟೊಕಾಂಡ್ರಿಯಾ ಎಂಬ ಒಲೆಗಳಿವೆ. ಆಮ್ಲಜನಕ ಬಳಸಿ ಶಕ್ತಿ ಮಾಡುವಾಗ ಅವುಗಳಿಂದ ಕಿಡಿ ಸಿಡಿಯುತ್ತವೆ: ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ನಂಥ ಚುರುಕು ಕಣಗಳು. ಗ್ಲುಟಾಥಯೋನ್ ಎಂಬ ವಸ್ತು ಅವನ್ನು ಆರಿಸುತ್ತದೆ. ಆರಿಸುವುದಕ್ಕಿಂತ ಸಿಡಿಯುವುದು ಹೆಚ್ಚಾದರೆ ಕೋಶದ ಕೊಬ್ಬು, ಪ್ರೋಟೀನು, ಡಿಎನ್‌ಎ ಎಲ್ಲ ಸುಡುತ್ತವೆ. ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು ಇದಕ್ಕೇ.

ಎಚ್‌ಐವಿಯ ಟ್ಯಾಟ್ ಮತ್ತು ಜಿಪಿ120 ಎಂಬ ಪ್ರೋಟೀನುಗಳು ಈ ಕಣಗಳನ್ನು ಹೆಚ್ಚಿಸುತ್ತವೆ. ಹೆಚ್ಚಾದ ಕಣಗಳು ಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬುದನ್ನು ಎಬ್ಬಿಸುತ್ತವೆ. ಅದು ವೈರಸ್ಸಿನ ಜೀನ್‌ಗಳನ್ನೇ ಚಾಲೂ ಮಾಡುತ್ತದೆ. ವೈರಸ್ಸು ತಾನು ಹಚ್ಚಿದ ಬೆಂಕಿಯಲ್ಲೇ ತನ್ನ ಅಡಿಗೆ ಮಾಡಿಕೊಳ್ಳುತ್ತದೆ ಅನ್ನಿ. ಅಮೆರಿಕದ ಕರ್ಟ್ ಹೌಸರ್ ಮತ್ತವರ ಸಂಗಡಿಗರು ಮೆದುಳಿನ ಕೋಶಗಳಿಗೆ ಟ್ಯಾಟ್ ಜೊತೆ ಅಫೀಮಿನಿಂದ ತೆಗೆದ ಮಾರ್ಫಿನ್ ಸೇರಿಸಿ ನೋಡಿದರು. ಎರಡೂ ಕೂಡಿದಾಗ ಹಾನಿ ಹೆಚ್ಚಿತು. ಕರುಳಿನದು ಇನ್ನೊಂದು ಕಥೆ. ಅಫೀಮು ಕರುಳನ್ನು ಕಟ್ಟುತ್ತದೆಂದು ಅಂಗಡಿಯವರಿಗೆಲ್ಲ ಗೊತ್ತು. ಇಲಿಗಳಲ್ಲಿ ಮಾರ್ಫಿನ್ ಕರುಳಿನ ಗೋಡೆಯನ್ನೂ ಸಡಿಲಿಸುತ್ತದೆ. ಎಚ್‌ಐವಿ ಮೊದಲೇ ಅಲ್ಲಿನ ರೋಗನಿರೋಧಕ ಸಿಡಿ4 ಕೋಶಗಳನ್ನು ಬರಿದು ಮಾಡಿರುತ್ತದೆ. ಬ್ಯಾಕ್ಟೀರಿಯಾದ ತುಣುಕುಗಳು ರಕ್ತಕ್ಕೆ ಸೋರುತ್ತವೆ, ಉರಿಯೂತ ಏಳುತ್ತದೆ, ಕಿಡಿ ಮತ್ತೆ ಹೆಚ್ಚುತ್ತವೆ. ಇವೆಲ್ಲ ಬಹುಪಾಲು ಪ್ರಯೋಗಾಲಯದ ಕೋಶಗಳಲ್ಲಿ, ಇಲಿಗಳಲ್ಲಿ ಕಂಡ ಸಂಗತಿಗಳು. ಒಬ್ಬ ಕಬ್ಬಿನ ಕೂಲಿಯವನ ಮೈಗೆ ನೇರ ಅನ್ವಯಿಸುವ ಅಳತೆಗೋಲಲ್ಲ.

‘ಹಂಗಾರ ಆ್ಯಂಟಿಆಕ್ಸಿಡೆಂಟ್ ಕೊಡ್ರಲ್ಲ’ ಎಂದು ಓದಿದವರು ಕೇಳುತ್ತಾರೆ. 1997ರಲ್ಲಿ ಸ್ಟ್ಯಾನ್‌ಫರ್ಡಿನ ಹರ್ಜನ್‌ಬರ್ಗ್ ದಂಪತಿ, ಗ್ಲುಟಾಥಯೋನ್ ಕಡಿಮೆ ಇದ್ದ ಎಚ್‌ಐವಿ ಸೋಂಕಿತರು ಬದುಕುಳಿಯುವ ಸಾಧ್ಯತೆಯೂ ಕಡಿಮೆ ಎಂದು ತೋರಿಸಿದ್ದು ನಿಜ. ಆದರೆ ಕಿಡಿಯ ಮೂಲವಾದ ವೈರಸ್ಸನ್ನು ಅಡಗಿಸುವುದು ಎಆರ್‌ಟಿ ಮಾತ್ರ. ಕೇಂದ್ರ ಸರ್ಕಾರ 2004ರಿಂದ ಅದನ್ನು ಪುಕ್ಕಟೆ ಕೊಡುತ್ತಿದೆ. ಈಗ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು. ನನ್ನ ವ್ಯಾಪಾರಕ್ಕೆ ಕಲ್ಲು ಹಾಕುವ ಸಂಗತಿ ಇಲ್ಲಿದೆ: ಶಕ್ತಿ ಗುಳಿಗೆಯಲ್ಲಿರುವ ಕಬ್ಬಿಣ, ಕ್ಯಾಲ್ಸಿಯಂ, ಸತು ಡೊಲುಟೆಗ್ರಾವಿರ್ ಅನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಪೂರ್ತಿಯಾಗಿ ಸೇರಗೊಡುವುದಿಲ್ಲ. ಆ್ಯಸಿಡಿಟಿಯ ಕೆಲವು ಔಷಧಗಳೂ ಹಾಗೇ. ಎಆರ್‌ಟಿ ನುಂಗಿ ಕನಿಷ್ಠ 2 ತಾಸು ಬಿಟ್ಟು ಇವನ್ನು ತೆಗೆದುಕೊಳ್ಳಬೇಕು. ಇವನ್ನು ಮೊದಲು ನುಂಗಿದ್ದರೆ ಎಆರ್‌ಟಿಗೆ 6 ತಾಸು ಕಾಯಬೇಕು. ಬೇರೆ ಯಾವ ಗುಳಿಗೆ ನುಂಗುತ್ತೀರೆಂದು ಎಆರ್‌ಟಿ ಕೇಂದ್ರದಲ್ಲಿ ಮುಚ್ಚಿಡದೆ ಹೇಳಿ.

ನೋವಿನ ಗುಳಿಗೆ ಚಟವಾಗಿದ್ದರೆ ಒಮ್ಮೆಲೇ ಬಿಡಬಾರದು. ಮೈನಡುಕ, ಭೇದಿ, ನಿದ್ದೆಗೇಡು ಬರುತ್ತವೆ. ಡಾಕ್ಟರು ಹಂತಹಂತವಾಗಿ ಇಳಿಸುತ್ತಾರೆ. ಕಿತ್ತೂರಿನಿಂದ ಹೆದ್ದಾರಿ ಹಿಡಿದರೆ ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ದೂರವಿಲ್ಲ. ಮನೆಯಿಂದಲೇ ಕೇಳಬೇಕೆಂದರೆ ಚಟಕ್ಕೆ 14446, ಎಚ್‌ಐವಿಗೆ 1097, ಎರಡಕ್ಕೂ ಕಾಸಿಲ್ಲ.