ಜಿಡಾನ್ ಕೈಲಿ ಡಿಚ್ಚಿ ತಿಂದ ಆ ಇಟಲಿ ಡಿಫೆಂಡರ್ ಯಾರು? ಚೆನ್ನೈಗೂ ಬಂದು ಕಪ್ ಗೆದ್ದುಕೊಟ್ಟಿದ್ದ ಮಟೆರಾಜಿ!

ಮೊಬೈಲ್ ಹಿಡಿದಿರೋ ಯಾರಿಗೇ ಆದ್ರೂ ಆ ವಿಡಿಯೋ ಒಂದಲ್ಲ ಒಂದು ಸಲ ಬಂದೇ ಬಂದಿರುತ್ತೆ. ಬಿಳಿ ಜೆರ್ಸಿ ಹಾಕಿದ ಬೋಳುತಲೆಯ ಆಟಗಾರ ಮುಂದೆ ನಡೆದು ಹೋಗ್ತಾ ಇರ್ತಾನೆ. ಏನೋ ಮಾತು ಕೇಳಿಸಿ ತಿರುಗಿ ಬರ್ತಾನೆ. ಟಗರು ಗುದ್ದಿದ ಹಾಗೆ ನೀಲಿ ಜೆರ್ಸಿಯವನ ಎದೆಗೆ ತಲೆಯಿಂದ ಒಂದು ಡಿಚ್ಚಿ. ಆರಡಿ ಮೀರಿದ ಆಳು ದೊಪ್ಪನೆ ಬೀಳ್ತಾನೆ.

ಗುದ್ದಿದವನು ಫ್ರಾನ್ಸ್ ನಾಯಕ ಜಿನೆದಿನ್ ಜಿಡಾನ್. ಇವನನ್ನ ಎಲ್ಲರಿಗೂ ಗೊತ್ತು. ಬಿದ್ದವನ ಹೆಸರು ಕೇಳಿದ್ರೆ ಮಾತ್ರ ಬಹಳ ಜನ ತಲೆ ಕೆರೆದುಕೊಳ್ತಾರೆ. ಗೊತ್ತಿದ್ದವರೂ "ಅದೇ ಬೈದು ಸಿಟ್ಟು ಬರಿಸಿದವನಲ್ವಾ" ಅಂತಾರೆ. ಅಷ್ಟಕ್ಕೇ ಅವನ ಕಥೆ ಮುಗೀತು. ಆದ್ರೆ ಆ ರಾತ್ರಿ ಇಟಲಿಗೆ ಗೋಲು ಹೊಡೆದವನೂ ಅವನೇ. ಎಂಟು ವರ್ಷ ಆದ್ಮೇಲೆ ನಮ್ಮ ಪಕ್ಕದ ಚೆನ್ನೈಗೆ ಬಂದು ಟೀಮು ಕಟ್ಟಿದವನೂ ಅವನೇ. ಹೆಸರು ಮಾರ್ಕೊ ಮಟೆರಾಜಿ.

ಸಣ್ಣ ಊರುಗಳ ಕ್ಲಬ್ಬುಗಳಿಂದ

ಹುಟ್ಟಿದ್ದು 1973ರ ಆಗಸ್ಟ್ 19ರಂದು, ಇಟಲಿಯ ದಕ್ಷಿಣದ ಲೆಚೆ ಊರಲ್ಲಿ. ಅಪ್ಪ ಜುಸೆಪ್ಪೆ ಫುಟ್ಬಾಲ್ ಆಟಗಾರ, ಆಮೇಲೆ ಲಾಜಿಯೊದಂಥ ದೊಡ್ಡ ಕ್ಲಬ್ಬಿಗೇ ಕೋಚ್ ಆದವರು. ಅಪ್ಪನ ಹೆಸರಲ್ಲಿ ಮಗನಿಗೆ ದೊಡ್ಡ ಟೀಮಿನ ಬಾಗಿಲು ತೆರೆದಿರಬೇಕು ಅಂತ ಅಂದ್ಕೊಂಡ್ರೆ ಹಾಗೇನೂ ಆಗಲಿಲ್ಲ. ರೋಮ್‌ನ ತೊರ್ ದಿ ಕ್ವಿಂತೊ ಅನ್ನೋ ಹವ್ಯಾಸಿ ತಂಡ, ಸಿಸಿಲಿ ದ್ವೀಪದ ಮರ್ಸಾಲಾ, ತ್ರಾಪಾನಿ, ಹೀಗೆ ಕೆಳಗಿನ ಡಿವಿಜನ್‌ಗಳಲ್ಲೇ ಅಲೆದಾಟ. ತಾಯಿ ಅವನ ಹದಿಹರೆಯದಲ್ಲೇ ತೀರಿಕೊಂಡಿದ್ದರು.

ಪೆರುಜಾ ಅನ್ನೋ ಮಧ್ಯಮ ಗಾತ್ರದ ಕ್ಲಬ್ ಕರೆದುಕೊಂಡ ಮೇಲೆ ಸ್ವಲ್ಪ ಗುರುತಾದ. ನಡುವೆ 1998-99ರಲ್ಲಿ ಇಂಗ್ಲೆಂಡಿನ ಎವರ್ಟನ್‌ಗೆ ಹೋಗಿ ಒಂದು ಸೀಸನ್ ಆಡಿ, ಕೆಂಪು ಕಾರ್ಡುಗಳನ್ನೂ ತಿಂದು, ಪೆರುಜಾಗೇ ವಾಪಸ್ ಬಂದ.

ನಿಜವಾದ ಬದಲಾವಣೆ ಆಗಿದ್ದು 2000-01ರ ಸೀಸನ್‌ನಲ್ಲಿ. ಡಿಫೆಂಡರ್ ಅಂದ್ರೆ ಗೋಲು ಹೊಡೆಯೋನಲ್ಲ, ಬರೋ ಗೋಲು ತಡೆಯೋನು. ಕಬಡ್ಡಿ ನೋಡೋರಿಗೆ ಹೇಳೋದಾದ್ರೆ ಕಾರ್ನರ್‌ನಲ್ಲಿ ನಿಂತು ರೈಡರ್ ಕಾಲು ಹಿಡಿಯೋನ ಕೆಲಸ. ಅಂಥವನು ಒಂದೇ ಸೀಸನ್‌ನಲ್ಲಿ 12 ಗೋಲು ಹೊಡೆದ. ಪೆನಾಲ್ಟಿ, ಫ್ರೀ ಕಿಕ್, ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟಿದ್ದು ಎಲ್ಲಾ ಸೇರಿ. ಇಟಲಿಯ ಮೊದಲ ದರ್ಜೆ ಲೀಗ್‌ನಲ್ಲಿ ಡಿಫೆಂಡರ್ ಒಬ್ಬ ಹೊಡೆದ ಗೋಲುಗಳ ದಾಖಲೆ ಅದುವರೆಗೆ ಅರ್ಜೆಂಟೀನಾದ ಡೇನಿಯಲ್ ಪಸರೆಲಾ ಹೆಸರಲ್ಲಿತ್ತು. ಅದನ್ನ ಮುರಿದ. ಅದೇ ವರ್ಷ ಏಪ್ರಿಲ್‌ನಲ್ಲಿ ಇಟಲಿ ತಂಡಕ್ಕೆ ಮೊದಲ ಮ್ಯಾಚ್. ವಯಸ್ಸು 27 ದಾಟಿತ್ತು. ಅವನ ವಾರಗೆಯವರು ಆ ಹೊತ್ತಿಗೆ ದೇಶಕ್ಕಾಗಿ ಎಷ್ಟೋ ಮ್ಯಾಚ್ ಆಡಿ ಆಗಿತ್ತು. ಅದಾದ್ಮೇಲೆ ಮಿಲಾನ್ ನಗರದ ದೊಡ್ಡ ಕ್ಲಬ್ ಇಂಟರ್ ಕರೆಸಿಕೊಂಡಿತು. ಹತ್ತು ವರ್ಷ ಅಲ್ಲೇ ಇದ್ದ.

ಒರಟ, ಸಿಡುಕ, ಅಳುಬುರುಕ

ಒಳ್ಳೆಯವನು ಅಂತ ಸರ್ಟಿಫಿಕೇಟ್ ಕೊಡೋಕೆ ಹೋಗಬೇಡಿ. 2004ರಲ್ಲಿ ಸಿಯೆನಾ ತಂಡದ ಚಿರಿಲೊ ಅನ್ನೋ ಆಟಗಾರನಿಗೆ ಮ್ಯಾಚ್ ಮುಗಿದ ಮೇಲೆ ಹೊಡೆದು ಎರಡು ತಿಂಗಳು ಆಟದಿಂದ ಹೊರಗಿದ್ದ. ಮೈಮೇಲೆ ಬೀಳೋದು, ಜಗಳ ತೆಗೆಯೋದು ಅವನ ಆಟದ ಭಾಗವೇ ಆಗಿತ್ತು.

ಆದ್ರೆ ಇನ್ನೊಂದು ಮುಖವೂ ಇದೆ. 2000ರಲ್ಲಿ ಅವನಿದ್ದ ಪೆರುಜಾ ಕೊನೇ ದಿನ ಯುವೆಂಟಸ್ ತಂಡವನ್ನ ಸೋಲಿಸಿತ್ತು. ಅದರಿಂದ ಲಾಜಿಯೊ ಚಾಂಪಿಯನ್ ಆಯ್ತು. ಎರಡು ವರ್ಷ ಬಿಟ್ಟು, 2002ರ ಮೇ 5ರಂದು, ಅದೇ ಲಾಜಿಯೊವನ್ನ ಗೆದ್ದಿದ್ರೆ ಇಂಟರ್‌ಗೆ ಲೀಗ್ ಸಿಗ್ತಿತ್ತು. 4-2ರಲ್ಲಿ ಸೋತರು. ನಿಮಗೆ ಕಪ್ ಗೆಲ್ಲಿಸಿಕೊಟ್ಟಿದ್ದೇ ನಾವಲ್ವಾ ಅಂತ ಲಾಜಿಯೊ ಆಟಗಾರರ ಮುಂದೆ ಮಟೆರಾಜಿ ಅತ್ತಿದ್ದು ಇಟಲಿಯಲ್ಲಿ ಇವತ್ತಿಗೂ ನೆನಪಿದೆ. 2005ರ ಏಪ್ರಿಲ್‌ನಲ್ಲಿ ಮಿಲಾನ್‌ನ ಎರಡು ತಂಡಗಳ ಮ್ಯಾಚ್‌ಗೆ ಪ್ರೇಕ್ಷಕರು ಬೆಂಕಿಯ ಫ್ಲೇರ್‌ಗಳನ್ನ ಎಸೆದು ಆಟ ನಿಂತಾಗ, ಎದುರಾಳಿ ರೂಯಿ ಕೋಸ್ಟಾ ಹೆಗಲಿಗೆ ಮೊಣಕೈ ಊರಿ ಕೆಂಪು ಹೊಗೆ ನೋಡ್ತಾ ನಿಂತಿದ್ದನಲ್ಲ, ಆ ಫೋಟೋ ಕೂಡ ಇವನದ್ದೇ. ನನ್ನ ಕೇಳಿದ್ರೆ ಡಿಚ್ಚಿ ವಿಡಿಯೋಗಿಂತ ಆ ಫೋಟೋನೇ ಹೆಚ್ಚು ಜನಕ್ಕೆ ತಲುಪಬೇಕಿತ್ತು.

ನೆಸ್ಟಾ ಜಾಗ

ಇಟಲಿ ತಂಡದಲ್ಲಿ ಅವನ ಜಾಗ ಖಾಯಂ ಅಲ್ಲ. ಅಲ್ಲಿ ಅಲೆಸಾಂಡ್ರೊ ನೆಸ್ಟಾ ಇದ್ದ. ಆ ಕಾಲದ ಅತ್ಯುತ್ತಮ ಡಿಫೆಂಡರ್‌ಗಳಲ್ಲಿ ಒಬ್ಬ. ಮಟೆರಾಜಿಗೆ ಬೆಂಚು. 2002ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ಮೇಲೆ ಆಡುವಾಗ ನೆಸ್ಟಾಗೆ ಪೆಟ್ಟಾಗಿ ಇವನು ಇಳಿದ. ಇಟಲಿ ಆ ಮ್ಯಾಚ್ ಸೋತಿತು.

2006ರಲ್ಲಿ ಜರ್ಮನಿಯಲ್ಲಿ ಮತ್ತೆ ಅದೇ ಆಯ್ತು. ಜೂನ್ 22ರಂದು ಜೆಕ್ ಗಣರಾಜ್ಯದ ಮೇಲೆ ಆಡುವಾಗ ನೆಸ್ಟಾ ಗಾಯಗೊಂಡು ಹೊರನಡೆದ. ಒಳಗೆ ಬಂದ ಮಟೆರಾಜಿ 26ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದ. ಮುಂದಿನ ಮ್ಯಾಚ್ ಆಸ್ಟ್ರೇಲಿಯಾ ಮೇಲೆ, ಅಲ್ಲಿ ಕೆಂಪು ಕಾರ್ಡ್! ಹತ್ತೇ ಜನರಲ್ಲಿ ಆಡಿದ ಇಟಲಿ ಕೊನೇ ಗಳಿಗೆಯಲ್ಲಿ ಟೊಟ್ಟಿ ಹೊಡೆದ ಪೆನಾಲ್ಟಿಯಿಂದ ಉಳಿದುಕೊಂಡಿತು. ಒಂದು ಮ್ಯಾಚ್ ನಿಷೇಧ ಮುಗಿಸಿ ಸೆಮಿಫೈನಲ್‌ಗೆ ವಾಪಸ್. ಜರ್ಮನಿಯನ್ನ ಅವರ ಊರಲ್ಲೇ 2-0 ಸೋಲಿಸಿದರು.

ಜುಲೈ 9, ಬರ್ಲಿನ್, ಫೈನಲ್. ಏಳನೇ ನಿಮಿಷಕ್ಕೇ ಫ್ರಾನ್ಸ್‌ನ ಮಲೂಡಾ ಬಿದ್ದದ್ದಕ್ಕೆ ಪೆನಾಲ್ಟಿ. ಬೀಳಿಸಿದವನು ಮಟೆರಾಜಿ ಅಂತ ತೀರ್ಪು. ಜಿಡಾನ್ ಗೋಲು ಹೊಡೆದ. ಹನ್ನೆರಡು ನಿಮಿಷ ಕಳೆದು ಪಿರ್ಲೊ ಕೊಟ್ಟ ಕಾರ್ನರ್‌ಗೆ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಮಟೆರಾಜಿ ಗೋಲು ಹೊಡೆದು ಸಮ ಮಾಡಿದ. ಮಾಡಿದ ನಷ್ಟವನ್ನ ತಾನೇ ತುಂಬಿಕೊಟ್ಟ ಲೆಕ್ಕ. ಹೆಚ್ಚುವರಿ ಸಮಯದ 110ನೇ ನಿಮಿಷದಲ್ಲಿ ಡಿಚ್ಚಿ. ಚೆಂಡು ಬೇರೆ ಕಡೆ ಇತ್ತು, ರೆಫರಿ ನೋಡಿರಲಿಲ್ಲ. ನಾಲ್ಕನೇ ಅಂಪೈರ್ ತಿಳಿಸಿದ ಮೇಲೆ ಜಿಡಾನ್‌ಗೆ ಕೆಂಪು ಕಾರ್ಡ್. ಅದೇ ಅವನ ಕೊನೇ ಮ್ಯಾಚ್. ಪೆನಾಲ್ಟಿ ಶೂಟೌಟ್‌ನಲ್ಲಿ ಮಟೆರಾಜಿಯೂ ಒಂದು ಹೊಡೆದ, ಇಟಲಿ 5-3ರಲ್ಲಿ ಗೆದ್ದಿತು.

ಲೆಕ್ಕ ನೋಡಿ. ಆ ವಿಶ್ವಕಪ್‌ನಲ್ಲಿ ಇಟಲಿ ಪರ ಅತಿ ಹೆಚ್ಚು ಗೋಲು ಹೊಡೆದವರು ಇಬ್ಬರು, ತಲಾ ಎರಡು. ಒಬ್ಬ ಸ್ಟ್ರೈಕರ್ ಲೂಕಾ ಟೋನಿ, ಇನ್ನೊಬ್ಬ ಬದಲಿ ಆಟಗಾರನಾಗಿ ಬಂದ ಈ ಡಿಫೆಂಡರ್. ದೇಶಕ್ಕಾಗಿ ಆಡಿದ 41 ಮ್ಯಾಚ್‌ಗಳಲ್ಲಿ ಅವನ ಗೋಲುಗಳು ಆ ಎರಡೇ.

ಏನು ಬೈದ?

ಎಲ್ಲರ ಪ್ರಶ್ನೆ ಇದೇ. ಜೆರ್ಸಿ ಎಳೆದಿದ್ದಕ್ಕೆ ಜಿಡಾನ್, ಬೇಕಿದ್ರೆ ಮ್ಯಾಚ್ ಮುಗಿದ ಮೇಲೆ ಕೊಡ್ತೀನಿ ಅಂತ ಕುಟುಕಿದ. ಅದಕ್ಕೆ ಮಟೆರಾಜಿ ಅವನ ಅಕ್ಕನ ಬಗ್ಗೆ ಕೆಟ್ಟದಾಗಿ ಮಾತಾಡಿದ. ಇದನ್ನ ಮಟೆರಾಜಿಯೇ ಒಪ್ಪಿಕೊಂಡ. ಸರಿ ಅಂತ ಯಾರೂ ಹೇಳಲ್ಲ. ಆದ್ರೆ ಜಿಡಾನ್ ತಾಯಿಯನ್ನ ಬೈದ ಅನ್ನೋ ಸುದ್ದಿಯನ್ನ ಅವನು ಒಪ್ಪಲೇ ಇಲ್ಲ, ಚಿಕ್ಕವನಿದ್ದಾಗಲೇ ತಾಯಿ ಕಳಕೊಂಡ ನಾನು ಆ ಮಾತು ಆಡಲ್ಲ ಅಂದ. ಜನಾಂಗ ಎತ್ತಿ ನಿಂದಿಸಿದ ಅಂತ ಬರೆದ ಕೆಲವು ಬ್ರಿಟಿಷ್ ಪತ್ರಿಕೆಗಳು ಆಮೇಲೆ ಕ್ಷಮೆ ಕೇಳಿ ಪರಿಹಾರ ಕೊಟ್ಟವು. ಈ ಕ್ಷಮೆ ಎಷ್ಟು ಜನಕ್ಕೆ ಗೊತ್ತು? ಮೊದಲು ಬಂದ ಸುದ್ದಿ ಮಾತ್ರ ಇನ್ನೂ ಓಡ್ತಾನೇ ಇದೆ. ಫಿಫಾ ಜಿಡಾನ್‌ಗೆ ಮೂರು ಮ್ಯಾಚ್, ಮಟೆರಾಜಿಗೆ ಎರಡು ಮ್ಯಾಚ್ ನಿಷೇಧ ಹಾಕಿತು. ಪೆಟ್ಟು ತಿಂದವನಿಗೂ ಶಿಕ್ಷೆ ಆಯ್ತು ಅನ್ನೋದು ನೆನಪಿರಲಿ.

ಚೆನ್ನೈ ಅಧ್ಯಾಯ

ಇಂಟರ್ ಜೊತೆ ಸಾಲಾಗಿ ಐದು ಲೀಗ್ ಪ್ರಶಸ್ತಿ, 2010ರಲ್ಲಿ ಚಾಂಪಿಯನ್ಸ್ ಲೀಗ್ ಎಲ್ಲಾ ಬಂತು. ಆ ಫೈನಲ್ ರಾತ್ರಿ ತಂಡ ಬಿಟ್ಟು ಹೊರಟ ಕೋಚ್ ಮೊರಿನ್ಯೊ ಕಾರಿನಿಂದ ಇಳಿದು ಬಂದು ಗೋಡೆಗೆ ಒರಗಿ ನಿಂತಿದ್ದ ಮಟೆರಾಜಿಯನ್ನ ತಬ್ಬಿಕೊಂಡು ಅತ್ತ. 2011ರಲ್ಲಿ ಇಂಟರ್ ಬಿಟ್ಟ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಚೆನ್ನೈಯಿನ್ ಎಫ್‌ಸಿಗೆ ಆಟಗಾರ ಮತ್ತು ಮ್ಯಾನೇಜರ್, ಎರಡೂ ಆಗಿ ಬಂದ. ಅಭಿಷೇಕ್ ಬಚ್ಚನ್, ಧೋನಿ ಮಾಲೀಕತ್ವದ ತಂಡ. ಸೀಸನ್ ನಡುವೆ ಅವನು ಕರೆಸಿಕೊಂಡ ಡಿಫೆಂಡರ್ ಯಾರು ಗೊತ್ತಾ? ನಿವೃತ್ತಿಯಾಗಿದ್ದ ಅದೇ ನೆಸ್ಟಾ! ಯಾರ ಜಾಗಕ್ಕೆ ಕಾಯ್ತಾ ಬೆಂಚಿನಲ್ಲಿ ಕೂತಿದ್ದನೋ, ಅವನೇ ಈಗ ಇವನ ಕೈಕೆಳಗೆ. ಆ ವರ್ಷ ಸೆಮಿಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಸೋಲು.

2015ರಲ್ಲಿ ತಂಡ ಪಟ್ಟಿಯ ತಳಕ್ಕೆ ಬಿದ್ದಿತ್ತು. ಅಲ್ಲಿಂದ ಸತತ ನಾಲ್ಕು ಗೆದ್ದು ಸೆಮಿಗೆ ಬಂದರು. ಅಷ್ಟರಲ್ಲಿ ಚೆನ್ನೈ ಪ್ರವಾಹ. ತವರಿನ ಸೆಮಿಫೈನಲ್ ಪಂದ್ಯವನ್ನ ಪುಣೆಯಲ್ಲಿ ಆಡಬೇಕಾಯ್ತು, ಕೋಲ್ಕತ್ತಾ ಮೇಲೆ 3-0 ಗೆಲುವು. ಡಿಸೆಂಬರ್ 20ರಂದು ಗೋವಾದ ಫತೋರ್ಡಾದಲ್ಲಿ ಫೈನಲ್, ಎದುರಾಳಿ ಎಫ್‌ಸಿ ಗೋವಾ. 87ನೇ ನಿಮಿಷಕ್ಕೆ ಗೋವಾ 2-1 ಮುಂದೆ. ಜನ ಆಗಲೇ ಕುಣಿಯೋಕೆ ಶುರು. 90ನೇ ನಿಮಿಷದಲ್ಲಿ ಗೋವಾ ಗೋಲ್‌ಕೀಪರ್ ಕೈ ತಾಗಿ ಚೆಂಡು ಅವರ ಬಲೆಗೇ ಹೋಯ್ತು. ಇನ್ನೆರಡು ನಿಮಿಷಕ್ಕೆ ಮೆಂಡೋಜಾ ಹೊಡೆದ, ಚೆನ್ನೈ 3-2.

ಮುಂದಿನ ವರ್ಷ ಎಂಟು ತಂಡಗಳಲ್ಲಿ ಏಳನೇ ಸ್ಥಾನ. 2017ರಲ್ಲಿ ಮಟೆರಾಜಿ ಹೊರಟ. ಬೆಂಗಳೂರು ಎಫ್‌ಸಿ ಈ ಲೀಗ್‌ಗೆ ಬಂದಿದ್ದು ಆಮೇಲೆ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ನಡೆದ ಫೈನಲ್‌ನಲ್ಲಿ ಛೆಟ್ರಿ ಮೊದಲ ಗೋಲು ಹೊಡೆದರೂ ಬೆಂಗಳೂರು 3-2ರಲ್ಲಿ ಚೆನ್ನೈಗೆ ಸೋತದ್ದು ನಮ್ಮ ಕಡೆಯವರಿಗೆ ಮರೆತಿರಲ್ಲ. ಅವತ್ತು ಚೆನ್ನೈ ಪರ ಎರಡು ಗೋಲು ಹೊಡೆದ ಮೈಲ್ಸನ್, ಇನ್ನೊಂದು ಹೊಡೆದ ರಾಫೆಲ್ ಆಗಸ್ಟೊ, ಇಬ್ಬರೂ ಮಟೆರಾಜಿ ಕಾಲದ 2015ರ ತಂಡದಲ್ಲಿದ್ದವರೇ. ಅದರಲ್ಲೂ ಮೈಲ್ಸನ್ ಡಿಫೆಂಡರ್, ಎರಡನ್ನೂ ಹೊಡೆದದ್ದು ತಲೆಯಿಂದ.