ಕೋವಿಯ ಕಪಾಟಿನಲ್ಲಿ ಅಕ್ಕಿ, ಉಪ್ಪು ಇಟ್ಟರೆ ತುಕ್ಕು ನಿಲ್ಲುತ್ತದೆಯೇ?

ಮಳೆಗಾಲ ಶುರುವಾದರೆ ಸಾಕು, ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಸುಲಭ ಉಪಾಯಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಬೀರುವಿನಲ್ಲಿ ಒಂದು ಬಟ್ಟಲು ಅಕ್ಕಿ ಇಡಿ, ಕಲ್ಲುಪ್ಪು ಇಡಿ, ಸಣ್ಣದೊಂದು ಬಲ್ಬ್ ಉರಿಯಲು ಬಿಡಿ ಎಂಬಂಥವು. ಒಳಗಿರುವುದು ಬಟ್ಟೆ, ಪಾತ್ರೆ ಆಗಿದ್ದರೆ ಉಪಾಯ ಕೈಕೊಟ್ಟರೂ ದೊಡ್ಡ ನಷ್ಟವಿಲ್ಲ. ಆದರೆ ಇದೇ ಸಲಹೆಗಳನ್ನು ಕೋವಿ ಇಡುವ ಕಪಾಟಿಗೂ ಅನ್ವಯಿಸುವವರಿದ್ದಾರೆ. ಇದಕ್ಕಿಂತ ಅಪಾಯಕಾರಿಯಾದ ಇನ್ನೊಂದು ಮಾತೂ ಇದೆ: ಮುಚ್ಚಿದ ಕಪಾಟಿನಲ್ಲಿಟ್ಟರೆ ಕೋವಿ ಹಾಳಾಗುತ್ತದೆ, ಮಳೆ ಮುಗಿಯುವ ತನಕ ಗಾಳಿಯಾಡುವಂತೆ ಗೋಡೆಗೆ ತೂಗುಹಾಕಿ ಎನ್ನುವುದು. ಮಕ್ಕಳು ಓಡಾಡುವ ಮನೆಯಲ್ಲಿ ಹೀಗೆ ಮಾಡಿದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡೋಣ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಹೆಚ್ಚು ಮುಖ್ಯವಾಗುವುದು ಕೊಡಗಿನಲ್ಲಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಅದೇ ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗದ್ದೆ ಕೆಲಸದ ಆ ದಿನಗಳಲ್ಲಿ ಒಳಗಿಟ್ಟ ಕೋವಿಯನ್ನು ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಹೊರತೆಗೆದು, ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜಿಸುವುದು ಪದ್ಧತಿ. ಅಂದರೆ ವರ್ಷದಲ್ಲೇ ಅತಿ ಹೆಚ್ಚು ಥಂಡಿ ಇರುವ ತಿಂಗಳುಗಳಲ್ಲೇ ಕೋವಿ ಮುಟ್ಟುವವರಿಲ್ಲದೆ ಕೂತಿರುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುವ ಮಲೆನಾಡು, ಕರಾವಳಿಯ ರೈತರ ಮನೆಗಳಲ್ಲೂ ಇದೇ ಕತೆ.

ತುಕ್ಕಿಗೆ ಮಳೆಯೇ ತಾಗಬೇಕಿಲ್ಲ

ಕಬ್ಬಿಣ, ಆಮ್ಲಜನಕ, ನೀರು ಮೂರೂ ಸೇರಿದರೆ ತುಕ್ಕು. ಇಲ್ಲಿ ನೀರು ಎಂದರೆ ಹನಿಯೇ ಆಗಬೇಕಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಸುಮಾರು ಶೇ 60 ದಾಟಿದರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಕೂರುತ್ತದೆ, ತುಕ್ಕು ಬೇಗ ಬೆಳೆಯಲು ಅಷ್ಟು ಸಾಕು. ಬೆರಳಿನ ಬೆವರಿನ ಉಪ್ಪು ಅಲ್ಲಿ ಮೆತ್ತಿಕೊಂಡಿದ್ದರೆ ಇನ್ನೂ ಬೇಗ. ನಳಿಕೆಯ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುವುದು ಇದೇ ಕಾರಣಕ್ಕೆ.

ಸಾಪೇಕ್ಷ ತೇವಾಂಶ ಎಂಬ ಮಾತು ಸ್ವಲ್ಪ ಗೊಂದಲ ಹುಟ್ಟಿಸುತ್ತದೆ. ಬಿಸಿ ಗಾಳಿ ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು, ತಣ್ಣನೆಯ ಗಾಳಿ ಕಡಿಮೆ. ಆ ಹೊತ್ತಿನ ಉಷ್ಣತೆಯಲ್ಲಿ ಗಾಳಿ ಹಿಡಿದುಕೊಳ್ಳಬಹುದಾದ ಒಟ್ಟು ಆವಿಯಲ್ಲಿ ಈಗ ಎಷ್ಟು ಪಾಲು ಇದೆ ಎಂಬುದೇ ಸಾಪೇಕ್ಷ ತೇವಾಂಶ. ಅದಕ್ಕೇ, ಗಾಳಿಯಲ್ಲಿರುವ ನೀರು ಒಂದಿಷ್ಟೂ ಬದಲಾಗದಿದ್ದರೂ ಉಷ್ಣತೆ ಇಳಿದರೆ ತೇವಾಂಶದ ಅಂಕಿ ಏರುತ್ತದೆ. ನಾಲ್ಕು ದಿನ ಜಡಿ ಮಳೆ ಹೊಡೆದು ಒಂದು ಮಧ್ಯಾಹ್ನ ಬಿಸಿಲು ಬಂತು ಎಂದುಕೊಳ್ಳಿ. ಹೊರಗಿನ ಗಾಳಿ 25 ಡಿಗ್ರಿ, ತೇವಾಂಶ ಶೇ 85. ಈ ಗಾಳಿ ಸುಮಾರು 22 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವನ್ನು ಮುಟ್ಟಿದರೂ ಇಬ್ಬನಿಯಾಗುತ್ತದೆ. ಕಪಾಟಿನೊಳಗಿನ ಉಕ್ಕು ಬೇಗ ಬೆಚ್ಚಗಾಗುವುದಿಲ್ಲ, ಅದಿನ್ನೂ ರಾತ್ರಿಯ ಚಳಿಯಲ್ಲೇ ಇರುತ್ತದೆ. ಬಿಸಿಲು ಬಂತಲ್ಲ, ಸ್ವಲ್ಪ ಗಾಳಿಯಾಡಲಿ ಎಂದು ಬಾಗಿಲು ತೆರೆದಿಟ್ಟರೆ ನಾವೇ ಕೈಯಾರೆ ನಳಿಕೆಯನ್ನು ಒದ್ದೆ ಮಾಡಿದಂತೆ.

ಗೋಡೆಗೆ ತೂಗುಹಾಕುವ ಸಲಹೆ ಸೋಲುವುದೂ ಇಲ್ಲೇ. ಮನೆಯೊಳಗಿನ ಗಾಳಿಯೇ ಶೇ 85–90 ತೇವಾಂಶದಲ್ಲಿದ್ದಾಗ ಗಾಳಿಯಾಡುವುದರಿಂದ ಏನೂ ಒಣಗುವುದಿಲ್ಲ. ಒಗೆದು ಹಾಕಿದ ಬಟ್ಟೆ ಮೂರು ದಿನವಾದರೂ ಒಣಗದ ಮನೆಯಲ್ಲಿ ಕೋವಿ ಹೇಗೆ ಒಣಗೀತು? ಕಪಾಟು ಚಿಕ್ಕದು, ಅದರೊಳಗಿನ ಗಾಳಿಯನ್ನು ನಾವು ಬೇಕಾದಂತೆ ಹದಮಾಡಬಹುದು. ಇಡೀ ಕೋಣೆಯ ಗಾಳಿಯನ್ನು ಹಾಗೆ ಮಾಡುವುದು ಕಷ್ಟ.

ಒಂದು ಚಮಚ ನೀರಿನ ಲೆಕ್ಕ

ಕಪಾಟಿನಲ್ಲಿ ನಿಜಕ್ಕೂ ಎಷ್ಟು ನೀರಿದೆ? ಒಂದು ಲೆಕ್ಕ ಹಾಕೋಣ. 300 ಲೀಟರ್ ಹಿಡಿಸುವ ಉಕ್ಕಿನ ಕಪಾಟು, ಒಳಗೆ 20 ಡಿಗ್ರಿ ಉಷ್ಣತೆ, ಶೇ 90 ತೇವಾಂಶ. ಆ ಗಾಳಿಯಲ್ಲಿರುವ ಒಟ್ಟು ನೀರು ಐದು ಗ್ರಾಂಗಿಂತಲೂ ಕಡಿಮೆ, ಅಂದರೆ ಸುಮಾರು ಒಂದು ಟೀ ಚಮಚ. ತೇವಾಂಶವನ್ನು ಶೇ 50ಕ್ಕೆ ಇಳಿಸಲು ಅದರಲ್ಲಿ ಎರಡು ಗ್ರಾಂ ತೆಗೆದರೆ ಸಾಕು.

ಇಷ್ಟೇ ಆಗಿದ್ದರೆ ಶೂ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣಗಳೇ ನಾಲ್ಕೈದು ಸಾಕಾಗುತ್ತಿದ್ದವು. ಸಾಕಾಗುವುದಿಲ್ಲ, ಏಕೆಂದರೆ ನೀರು ಬರುತ್ತಲೇ ಇರುತ್ತದೆ. ಬಾಗಿಲು ತೆರೆದಾಗಲೆಲ್ಲ ಹೊಸ ಗಾಳಿ ನುಗ್ಗುತ್ತದೆ. ಮುಚ್ಚಿದ ಮೇಲೂ ಸಂದಿಗಳಿಂದ, ಬೋಲ್ಟ್ ತೂತುಗಳಿಂದ ನಿಧಾನವಾಗಿ ಒಳಬರುತ್ತದೆ. ಒಳಗೆ ಹಾಸಿದ ಕಾರ್ಪೆಟ್, ಕೋವಿಯ ಬಟ್ಟೆ ಚೀಲ, ಚರ್ಮದ ಕವಚ, ಮರದ ಭಾಗ, ಆಸ್ತಿ ಪತ್ರಗಳ ಕಟ್ಟು ಇವೆಲ್ಲ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು ನೀರನ್ನು ಹೀರಿಟ್ಟುಕೊಂಡಿರುತ್ತವೆ. ಗಾಳಿ ಒಣಗಿದಂತೆಲ್ಲ ಅದನ್ನು ಹೊರಬಿಡುತ್ತವೆ.

ಬೆಂಕಿ ತಡೆಯುವ ದುಬಾರಿ ಸೇಫ್‌ನೊಳಗೆ ಗಾಳಿಯೇ ಹೋಗುವುದಿಲ್ಲ ಎಂಬ ನಂಬಿಕೆಯೂ ಇದೆ. ಇಂತಹ ಎಷ್ಟೋ ಸೇಫ್‌ಗಳ ಬಾಗಿಲಿನ ಅಂಚಿನಲ್ಲಿರುವ ಪಟ್ಟಿ ಬೆಂಕಿಯ ಕಾವು ತಾಗಿದಾಗ ಉಬ್ಬಿ ಸಂದಿಯನ್ನು ಮುಚ್ಚುವಂಥದ್ದು, ಉಳಿದ ದಿನಗಳಲ್ಲಿ ಅದು ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಬೆಂಕಿ ತಡೆಯುವ ಸೇಫ್ ತೇವವನ್ನೂ ತಡೆಯುತ್ತದೆ ಎಂದು ಭಾವಿಸುವುದು ತಪ್ಪು.

ಈಗ ಅಕ್ಕಿ, ಉಪ್ಪು, ಬಲ್ಬ್

ಅಕ್ಕಿಯದು ಬೇಗ ಮುಗಿಯುವ ಮಾತು. ನಾವು ಅಂಗಡಿಯಿಂದ ತರುವ ಅಕ್ಕಿಯಲ್ಲೇ ಅದರ ತೂಕದ ಶೇ 12–14ರಷ್ಟು ನೀರಿರುತ್ತದೆ. ಸುತ್ತಲಿನ ತೇವಾಂಶ ಶೇ 65–70ರ ಹತ್ತಿರ ಇದ್ದಾಗ ಅಕ್ಕಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ನೀರು ನಿಲ್ಲುತ್ತದೆ. ಹಾಗಾಗಿ ನಮಗೆ ಬೇಕಾದ ಶೇ 50ಕ್ಕೆ ಗಾಳಿಯನ್ನು ಇಳಿಸಲು ಅದರಿಂದ ಆಗುವುದಿಲ್ಲ. ಹುಳು ಮಾತ್ರ ಖಂಡಿತ ಬರುತ್ತದೆ.

ಉಪ್ಪು ಅಕ್ಕಿಗಿಂತ ಕೆಟ್ಟದ್ದು. ಪುಡಿ ಉಪ್ಪು ಗಾಳಿಯಿಂದ ನೀರು ಎಳೆಯಲು ಶುರುಮಾಡುವುದೇ ತೇವಾಂಶ ಸುಮಾರು ಶೇ 75 ದಾಟಿದ ಮೇಲೆ, ಅದಕ್ಕಿಂತ ಕೆಳಗೆ ಅದು ಸುಮ್ಮನೆ ಕೂತಿರುತ್ತದೆ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳೂ ಬೆರೆತಿರುವುದರಿಂದ ಇನ್ನೂ ಬೇಗ ನೀರೊಡೆಯುತ್ತದೆ. ಆ ಉಪ್ಪುನೀರು ಉಕ್ಕಿಗೆ ತಾಗಿದರೆ ತುಕ್ಕು ಓಡೋಡಿ ಬರುತ್ತದೆ. ಸೂಪರ್‌ಮಾರ್ಕೆಟ್‌ಗಳಲ್ಲಿ ತೇವ ಹೀರುವ ಡಬ್ಬಿ ಎಂದು ಮಾರುವ, ಮೇಲೆ ಬಿಳಿ ಹರಳು ಇದ್ದು ಕೆಳಗೆ ನೀರು ತುಂಬಿಕೊಳ್ಳುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ಅದು ನೀರನ್ನು ಜೋರಾಗಿಯೇ ಹೀರುತ್ತದೆ, ಬಟ್ಟೆ ಬೀರುವಿಗೆ ಪರವಾಗಿಲ್ಲ. ಆದರೆ ಕೆಳಗೆ ಸೇರುವ ದ್ರವ ಕೂಡ ಉಪ್ಪುನೀರೇ. ಡಬ್ಬಿ ಒಮ್ಮೆ ಮಗುಚಿದರೆ ಕೋವಿಯ ಗತಿ ಮುಗಿಯಿತು. ಕೋವಿಯ ಕಪಾಟಿನಲ್ಲಿ ಅದನ್ನು ಇಡಬೇಡಿ ಎನ್ನುವುದು ನಮ್ಮ ಸಲಹೆ.

ಬಲ್ಬಿನ ಉಪಾಯದಲ್ಲಿ ಅರ್ಧ ಸತ್ಯವಿದೆ. ಒಳಗಿನ ಗಾಳಿಯನ್ನು 20ರಿಂದ 25 ಡಿಗ್ರಿಗೆ ಏರಿಸಿದರೆ ಶೇ 90 ಇದ್ದ ತೇವಾಂಶ ಸುಮಾರು ಶೇ 68ಕ್ಕೆ ಇಳಿಯುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ, ಆದರೆ ಉಕ್ಕಿನ ಮೇಲೆ ಇಬ್ಬನಿ ಕೂರುವುದಿಲ್ಲ. ತಾಪತ್ರಯ ಬಲ್ಬಿನದ್ದೇ. ಹಳೆಯ ಕಾಲದ ಬಿಸಿಯಾಗುವ ಬಲ್ಬು ಬಟ್ಟೆಗೋ ಮರಕ್ಕೋ ತಾಗಿದರೆ ಬೆಂಕಿ, ಕಾಡತೂಸೂ ಅಲ್ಲೇ ಇದ್ದರಂತೂ ಯೋಚಿಸುವುದೇ ಬೇಡ. ಎಲ್‌ಇಡಿ ಬಲ್ಬು ಹಾಕಿದರೆ ಬೇಕಾದಷ್ಟು ಕಾವೇ ಬರುವುದಿಲ್ಲ. ಸೇಫ್‌ಗೆಂದೇ ತಯಾರಾಗುವ, ಕಡಿಮೆ ಕಾವಿನ ಬಿಸಿ ಸಲಾಕೆಗಳಿವೆ, ಅವನ್ನು ಕೆಳಗಡೆ ಅಳವಡಿಸಬೇಕು. ಆದರೆ ಗಾಳಿ ಮಳೆಗೆ ಮೂರು ದಿನ ಕರೆಂಟ್ ಹೋದರೆ ಸಲಾಕೆ ತಣ್ಣಗಾಗುತ್ತದೆ, ಒಳಗಿನ ತೇವಾಂಶ ಮತ್ತೆ ಮೊದಲಿನ ಅಂಕಿಗೆ ಬರುತ್ತದೆ. ಅದಕ್ಕೇ ಸಲಾಕೆ ಇದ್ದರೂ ಸಿಲಿಕಾ ಜೆಲ್ ಬೇಕು.

ಮೊದಲು ಅಳೆಯಿರಿ

ಜನ ಸಾಮಾನ್ಯವಾಗಿ ಪೊಟ್ಟಣ ತಂದಿಟ್ಟು ಮರೆತುಬಿಡುತ್ತಾರೆ. ನಾವು ಹೇಳುವುದಾದರೆ ಮೊದಲ ಖರ್ಚು ಒಂದು ಚಿಕ್ಕ ಡಿಜಿಟಲ್ ತೇವಾಂಶ ಮಾಪಕಕ್ಕೆ ಇರಲಿ. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅಗ್ಗದ ಮಾಪಕಗಳು ಸುಳ್ಳು ಹೇಳುವುದೂ ಉಂಟು, ಅದನ್ನು ಪರೀಕ್ಷಿಸಲು ಉಪ್ಪು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಒಂದು ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಕರಗಿಹೋಗದಂತೆ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರೆಸಿ. ಮಾಪಕವನ್ನೂ ಮುಚ್ಚಳವನ್ನೂ ಒಟ್ಟಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅದು ಶೇ 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮಾಪಕ 5 ಹೆಚ್ಚು ಹೇಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ.

ಕಪಾಟಿನೊಳಗೆ ಶೇ 45ರಿಂದ 50 ಇದ್ದರೆ ಒಳ್ಳೆಯದು. ಇನ್ನೂ ಒಣಗಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬೇಡಿ, ಅತಿಯಾಗಿ ಒಣಗಿದರೆ ಕೋವಿಯ ಮರದ ಭಾಗ ಕುಗ್ಗಿ ಬಿರುಕು ಬಿಡಬಹುದು.

ಸಿಲಿಕಾ ಜೆಲ್ ಸಣ್ಣ ಪೊಟ್ಟಣದಲ್ಲಲ್ಲ, ಅರ್ಧ ಕಿಲೋ ಲೆಕ್ಕದಲ್ಲಿ ಬೇಕು. ಈ ತೇವಾಂಶದಲ್ಲಿ ಅದು ತನ್ನ ತೂಕದ ಸುಮಾರು ಐದನೇ ಒಂದು ಭಾಗ ನೀರು ಹಿಡಿಯುತ್ತದೆ. ಇದರಿಂದ ಒಂದು ಅನುಕೂಲವಿದೆ. ಒಣಗಿದ್ದಾಗ ಅಡುಗೆಮನೆಯ ತಕ್ಕಡಿಯಲ್ಲಿ 500 ಗ್ರಾಂ ತೂಗಿದ್ದು 600ರ ಹತ್ತಿರ ಬಂದಿದ್ದರೆ ಅದರ ಹೊಟ್ಟೆ ತುಂಬಿದೆ ಎಂದರ್ಥ. ಮಳೆಗಾಲದ ಬಿಸಿಲಿಗೆ ಹರಡಿದರೆ ಅದು ಒಣಗುವುದಿಲ್ಲ, ಬದಲಿಗೆ ಇನ್ನಷ್ಟು ಹೀರುತ್ತದೆ. ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡಬೇಕು. ನೀಲಿಯಿಂದ ಗುಲಾಬಿಗೆ ಬಣ್ಣ ಬದಲಿಸುವ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದರ ಧೂಳು ಉಸಿರಿಗೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ಕೊಳ್ಳಿ, ಯಾವುದೇ ಆದರೂ ಅಡುಗೆಯ ಪಾತ್ರೆಯಲ್ಲಿ ಬಿಸಿ ಮಾಡಬೇಡಿ. ಬಿಳಿಯ ಸಾದಾ ಜೆಲ್ ವಿಷ ಎಂಬುದು ಸುಳ್ಳು, ಆದರೆ ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಕಪಾಟನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ಮಣ್ಣು ನೆಲದ ಮೇಲೂ ಬೇಡ. ಕೋವಿಯನ್ನು ಚರ್ಮದ ಅಥವಾ ಸ್ಪಂಜಿನ ಕವಚದಿಂದ ತೆಗೆದೇ ಒಳಗಿಡಿ, ಹಳೆಯ ಪತ್ರಿಕೆಯಲ್ಲಿ ಸುತ್ತುವುದೂ ಬೇಡ. ಮುಟ್ಟಿದ ಮೇಲೆ ಒಣ ಬಟ್ಟೆಯಿಂದ ಒರೆಸಿ ಕೋವಿಗೆಂದೇ ಸಿಗುವ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಅಡುಗೆ ಎಣ್ಣೆ ದಿನ ಕಳೆದಂತೆ ಕಮಟಾಗಿ ಅಂಟಂಟಾಗುತ್ತದೆ. ನಳಿಕೆಯೊಳಗೆ ಹೆಚ್ಚು ಎಣ್ಣೆ ಉಳಿಯಬಾರದು, ಬಳಸುವ ಮುನ್ನ ಒರೆಸಲೇಬೇಕು. ಇವೆಲ್ಲವನ್ನೂ ಮಾಡುವ ಮೊದಲು ಕೋವಿ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ. ಕಾಡತೂಸುಗಳು ಬೇರೆ ಕಡೆ, ಒಣ ಜಾಗದಲ್ಲಿ, ಬೀಗದೊಳಗಿರಲಿ.

ಹಬ್ಬಕ್ಕೆ ಹೊರತೆಗೆದಾಗ ಮೇಲ್ಮೈಯಲ್ಲಿ ಕೆಂಪು ಪುಡಿಯಂತಹ ತುಕ್ಕು ಕಂಡರೆ ಎಣ್ಣೆ ಬಟ್ಟೆಯಿಂದ ತಿಕ್ಕಿ ತೆಗೆಯಬಹುದು. ನಳಿಕೆಯ ಒಳಗೆ ತುಕ್ಕು ಇದ್ದರೆ, ಉಕ್ಕಿನಲ್ಲಿ ಗುಳಿ ಬಿದ್ದಿದ್ದರೆ ಅದು ಬೇರೆಯೇ ವಿಷಯ. ತುಕ್ಕು ತಿಂದ ನಳಿಕೆ ಗುಂಡಿನ ಒತ್ತಡ ತಾಳದೆ ಸಿಡಿಯಬಹುದು, ಹಿಡಿದವರ ಕೈ, ಮುಖ ಅಲ್ಲೇ ಹತ್ತಿರದಲ್ಲಿರುತ್ತದೆ. ಒಂದು ಗುಂಡು ಹಾರಿಸಿ ನೋಡೋಣ ಎಂದು ಯಾರಾದರೂ ಅಂದರೆ ಬೇಡ ಎನ್ನಿ, ಪರವಾನಗಿ ಇರುವ ಕೋವಿ ರಿಪೇರಿ ಅಂಗಡಿಯವರಿಗೆ ತೋರಿಸಿ.